ಮರುಳಸಿದ್ದಪ್ಪನವರು ಮಾತು ಬಿಟ್ಟ ಇಪ್ಪತ್ತೊಂದು ದಿನ

ನ್ಯಾಮತಿ ತಾಲೂಕು ಗೋವಿನಕೋವಿಯ ಮರುಳಸಿದ್ದಪ್ಪನವರ ಮಾತನ್ನು, ಅವರಿಗೆ ಐವತ್ತಾರು ವರ್ಷ ತುಂಬುವವರೆಗೆ, ಯಾರೂ ಅರ್ಧಕ್ಕೆ ನಿಲ್ಲಿಸಿದವರಿಲ್ಲ. ನಿಲ್ಲಿಸಲು ನೋಡಿದವರಿದ್ದರು. ಅವರ ಹೆಂಡತಿ ಬಂಗಾರಮ್ಮ ಮದುವೆಯಾದ ಮೊದಲ ವರ್ಷ ಪ್ರಯತ್ನಪಟ್ಟು, ಆಮೇಲೆ ಗಂಡ ಮಾತಾಡುವ ಹೊತ್ತಿಗೆ ಸೊಪ್ಪು ಬಿಡಿಸುವುದನ್ನು ರೂಢಿ ಮಾಡಿಕೊಂಡರು. ಆ ಮನೆಯಲ್ಲಿ ಸೊಪ್ಪು ಯಾವತ್ತೂ ಹಸನಾಗಿರುತ್ತಿತ್ತು.

ಮನುಷ್ಯ ಕೆಟ್ಟವರಲ್ಲ. ಯಾರಿಗಾದರೂ ತೊಂದರೆ ಅಂದರೆ ಮೊದಲು ಓಡುವವರು ಅವರೇ. ಹೋಗಿ, ತೊಂದರೆ ಏನು ಎಂದು ಕೇಳುವುದಕ್ಕಿಂತ ಮುಂಚೆ ಪರಿಹಾರ ಹೇಳುವವರೂ ಅವರೇ. ಒಮ್ಮೆ ಪಕ್ಕದ ಮನೆಯ ಎಮ್ಮೆ ಮೇವು ಬಿಟ್ಟಿತೆಂದು ಬಂದ ಪಶುವೈದ್ಯರು, ಇವರ ಮಾತು ಮುಗಿಯಲಿ ಎಂದು ಕಾದು, ಎರಡು ಸಲ ಚಹಾ ಕುಡಿದು, ಆಮೇಲೆ ಎಮ್ಮೆಯ ಹತ್ತಿರ ಹೋದರಂತೆ. ಅಷ್ಟರಲ್ಲಿ ಎಮ್ಮೆ ತಾನಾಗಿಯೇ ಮೇವು ತಿನ್ನುತ್ತಿತ್ತು. ಅದು ತಮ್ಮ ಸಲಹೆಯಿಂದಲೇ ಆದದ್ದು ಎಂದು ಮರುಳಸಿದ್ದಪ್ಪನವರು ಇವತ್ತಿಗೂ ನಂಬಿದ್ದಾರೆ.

ಅವರು ಕೆಲಸ ಮಾಡುತ್ತಿದ್ದದ್ದು ಹಸಿರುಸಾಲು ಎಂಬ ರೈತರ ಕಂಪನಿಯಲ್ಲಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲೂಕಿನ ಒಂದಷ್ಟು ರೈತರು ಷೇರು ಹಾಕಿ ಕಟ್ಟಿಕೊಂಡ ಕಂಪನಿ ಅದು. ಮುಖ್ಯ ಕಚೇರಿ ಚನ್ನಗಿರಿಯಲ್ಲಿ. ಜಗಳೂರಿನಲ್ಲಿ ಮೆಕ್ಕೆಜೋಳ ಕೊಂಡು ಒಣಗಿಸಿ ಚೀಲ ಮಾಡುವುದು, ಹೊನ್ನಾಳಿಯ ದೊಡ್ಡ ಗೋದಾಮಿನಲ್ಲಿ ಇಳಿಸಿ ಅಲ್ಲಿಂದ ಕೋಳಿ ಆಹಾರದ ಕಾರ್ಖಾನೆಗೆ ಕಳಿಸುವುದು, ನ್ಯಾಮತಿಯಲ್ಲಿ ಬೀಜ ಗೊಬ್ಬರದ ಮಾರಾಟ. ನ್ಯಾಮತಿ ಶಾಖೆಯ ಮೇಜಿನ ಹಿಂದೆ ಕೂತು ಉಳಿದ ಮೂರೂ ಊರಿಗೆ ಫೋನ್ ಮಾಡುವ ಕೆಲಸ ಮರುಳಸಿದ್ದಪ್ಪನವರದು. ಅವರ ಹುದ್ದೆಯ ಹೆಸರು ಸಮನ್ವಯಾಧಿಕಾರಿ. ಅಂದರೆ ಎಲ್ಲರನ್ನೂ ಹೊಂದಿಸಿಕೊಂಡು ಹೋಗಬೇಕಾದವರು.

ಹೊಂದಾಣಿಕೆ ಹೇಗಿತ್ತೆಂದರೆ, ತಿಂಗಳ ಮೊದಲ ಸೋಮವಾರ ಚನ್ನಗಿರಿಯಲ್ಲಿ ಸಭೆ ನಡೆಯುತ್ತಿತ್ತು. ಮ್ಯಾನೇಜರ್ ರೇಣುಕಪ್ರಸಾದ್ ಒಂದು ಗಂಟೆ ಮಾತಾಡುತ್ತಿದ್ದರು. ಅವರು ನಲ್ಲೂರಿನವರು, ಚುರುಕಿನ ಮನುಷ್ಯ, ಎಲ್ಲಕ್ಕೂ ಹೊಣೆ ಯಾರದು ಎಂದು ಮೊದಲು ಹುಡುಕುವವರು. ಅವರಾದ ಮೇಲೆ ಮರುಳಸಿದ್ದಪ್ಪನವರು ಎರಡು ಗಂಟೆ. ಜಗಳೂರು ಕೇಂದ್ರದ ಚೈತ್ರಾ ನೋಟ್‌ಬುಕ್ಕಿನಲ್ಲಿ ಹೂವಿನ ಬಳ್ಳಿ ಬರೆಯುತ್ತಿದ್ದಳು. ಹೊನ್ನಾಳಿ ಗೋದಾಮಿನ ಗುರುಬಸವರಾಜ್ ತನ್ನ ಸರದಿ ಬಂದಾಗ ಎದ್ದು ನಿಂತು, ನಮ್ಮ ಕಡೆಯಿಂದ ಏನೂ ಇಲ್ಲ ಸರ್, ಎಂದು ಕೂರುತ್ತಿದ್ದ. ಆಮೇಲೆ ಊಟ. ಊಟ ಮುಗಿಸಿ ಬಸ್ಸು ಹತ್ತಿದ ಮೇಲೆ ಎಲ್ಲರೂ ನಿಜವಾಗಿ ಹೇಳಬೇಕಾದದ್ದನ್ನು ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೆ ಹೇಳುತ್ತಿದ್ದರು.

ಇದರ ನಡುವೆ ಜಗಳೂರಿನ ಮೆಕ್ಕೆಜೋಳ ಕಾರ್ಖಾನೆಯಿಂದ ವಾಪಸ್ಸು ಬರತೊಡಗಿತು. ತೇವ ಜಾಸ್ತಿ, ಬೂಷ್ಟು ಹಿಡಿದಿದೆ ಎಂಬ ಚೀಟಿಯೊಂದಿಗೆ. ಜಗಳೂರಿನವರು ಸರಿಯಾಗಿ ಒಣಗಿಸುವುದಿಲ್ಲ ಎಂದು ಹೊನ್ನಾಳಿಯವರು ಹೇಳಿದರು. ಹೊನ್ನಾಳಿಯವರ ಗೋದಾಮು ಸೋರುತ್ತದೆ ಎಂದು ಜಗಳೂರಿನವರು ಹೇಳಿದರು. ರೇಣುಕಪ್ರಸಾದ್ ಇಬ್ಬರಿಗೂ ನೋಟಿಸ್ ಕೊಟ್ಟರು. ಮರುಳಸಿದ್ದಪ್ಪನವರು ಇಬ್ಬರಿಗೂ ಫೋನ್ ಮಾಡಿ ತೇವಾಂಶ ಎಂದರೇನು ಎಂದು ವಿವರಿಸಿದರು.

ಅದೇ ಹೊತ್ತಿಗೆ ದಾವಣಗೆರೆಯಿಂದ ಒಂದು ಪತ್ರ ಬಂತು. ಕಂಪನಿಗೆ ನೆರವು ಕೊಡುತ್ತಿದ್ದ ಸಂಸ್ಥೆ, ಪ್ರತಿ ಕಂಪನಿಯಿಂದ ಒಬ್ಬರನ್ನು ಮೂರು ದಿನದ ತರಬೇತಿಗೆ ಕಳಿಸಬೇಕೆಂದು ಬರೆದಿತ್ತು. ತರಬೇತಿ ಮುಗಿಸಿದವರು 'ಸುಗಮಕಾರ'ರಾಗಿ ಸಿಬ್ಬಂದಿ ಸಭೆಗಳನ್ನು ನಡೆಸಿಕೊಡಬೇಕು. ಯಾರನ್ನು ಕಳಿಸುವುದೆಂದು ರೇಣುಕಪ್ರಸಾದ್ ಬಹಳ ಯೋಚಿಸಲಿಲ್ಲ. ಮರುಳಸಿದ್ದಪ್ಪನವರು ಹೋದರೆ ಮೂರು ದಿನ ಫೋನ್ ಬಡಿದುಕೊಳ್ಳುವುದಿಲ್ಲ ಎಂಬುದಷ್ಟೇ ಅವರ ತಲೆಯಲ್ಲಿದ್ದದ್ದು. ಇದನ್ನು ಅವರೇ ಆಮೇಲೆ ಒಪ್ಪಿಕೊಂಡರು.

ಊರಲ್ಲಿ ಆ ಪದ ಬೇರೆ ಥರ ಹಬ್ಬಿತು. ಸುಗಮ ಎಂದರೆ ಊರಿಗೆ ಗೊತ್ತಿದ್ದದ್ದು ಸುಗಮ ಸಂಗೀತ ಒಂದೇ. ಗೋವಿನಕೋವಿ ಶಾಲೆಯ ಹೆಡ್‌ಮಾಸ್ತರು ಬಂದು, ರಾಜ್ಯೋತ್ಸವಕ್ಕೆ ನೀವೇ ಎರಡು ಭಾವಗೀತೆ ಹಾಡಿಕೊಡಬೇಕೆಂದು ಕೇಳಿದರು. ಹಾಡಲು ಬರುವುದಿಲ್ಲ ಎಂದು ಮರುಳಸಿದ್ದಪ್ಪನವರು ಅವರಿಗೆ ಮುಕ್ಕಾಲು ಗಂಟೆ ತಿಳಿಸಿ ಹೇಳಿದರು.

ದಾವಣಗೆರೆಯ ತರಬೇತಿಯಲ್ಲಿ ಕಲಿಸಿದ್ದು ಬಹಳ ಸಣ್ಣ ವಿಷಯ. ಸಭೆ ನಡೆಸುವವರು ತಮ್ಮ ಅಭಿಪ್ರಾಯ ಹೇಳಬಾರದು. ಒಂದು ಒಳ್ಳೆಯ ಪ್ರಶ್ನೆ ಕೇಳಿ ಕಾಯಬೇಕು. ಕೆಲಸವನ್ನು ಕೈಯಾರೆ ಮಾಡುವವರನ್ನು ಕರೆಯಬೇಕು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕದಂತೆ ನೋಡಿಕೊಳ್ಳಬೇಕು. ಎರಡನೆಯ ದಿನ ಅಭ್ಯಾಸಕ್ಕೆಂದು ಮರುಳಸಿದ್ದಪ್ಪನವರನ್ನು ಎದ್ದು ನಿಲ್ಲಿಸಿದರು. ಅವರು ಪ್ರಶ್ನೆ ಕೇಳಿದರು, ಉತ್ತರ ಹೇಳಿದರು, ಆ ಉತ್ತರಕ್ಕೆ ಬರಬಹುದಾದ ಆಕ್ಷೇಪ ಹೇಳಿದರು, ಅದಕ್ಕೂ ಸಮಾಧಾನ ಹೇಳಿದರು. ಕಲಿಸಲು ಬಂದಿದ್ದ ಹೆಣ್ಣುಮಗಳು ಕೊನೆಗೆ ಮೆಲ್ಲಗೆ ಕೇಳಿದಳು:

"ಸರ್, ಎಲ್ಲಾ ನೀವೇ ಹೇಳೋದಾದ್ರೆ, ಇವರನ್ನ ಇಷ್ಟು ದೂರದಿಂದ ಕರೆಸಿದ್ದು ಯಾಕೆ?"

ಈ ಮಾತು ಅವರಿಗೆ ಬಹಳ ಹಿಡಿಸಿತು. ಡೈರಿಯಲ್ಲಿ ಬರೆದುಕೊಂಡು, ಕೆಳಗೆ ಎರಡು ಗೆರೆ ಎಳೆದರು. ಊರಿಗೆ ಬಂದವರೇ ಅದನ್ನು ಸಿಕ್ಕಿದವರಿಗೆಲ್ಲ ಹೇಳಿದರು. ಮುಂದಿನ ಸೋಮವಾರದ ಸಭೆಯಲ್ಲಿ, ಮಾತು ಕಡಿಮೆ ಮಾಡಿ ಕೇಳಿಸಿಕೊಳ್ಳುವುದು ಎಷ್ಟು ಮುಖ್ಯ ಎಂಬುದರ ಮೇಲೆ ಹತ್ತೂವರೆಯಿಂದ ಒಂದೂಕಾಲಿನವರೆಗೆ ಮಾತಾಡಿದರು. ಆಮೇಲೆ ಗಡಿಯಾರ ನೋಡಿ, ಈಗ ನೀವೆಲ್ಲ ಮನಸ್ಸು ಬಿಚ್ಚಿ ಮಾತಾಡಿ ಎಂದರು. ಊಟದ ಗಾಡಿ ಬಂದು ನಿಂತಿತ್ತು. ಗುರುಬಸವರಾಜ್ ಎದ್ದು, ನಮ್ಮ ಕಡೆಯಿಂದ ಏನೂ ಇಲ್ಲ ಸರ್, ಎಂದ.

ಆ ತಿಂಗಳೇ ಅವರ ದನಿ ಕೆಟ್ಟದ್ದು. ಮೊದಲು ಒರಟಾಯಿತು, ಆಮೇಲೆ ನಡುನಡುವೆ ಕಡಿಯತೊಡಗಿತು, ಒಂದು ಬೆಳಿಗ್ಗೆ ಹೊರಡಲೇ ಇಲ್ಲ. ಶಿವಮೊಗ್ಗದ ಗಂಟಲು ಡಾಕ್ಟರು ಟಾರ್ಚು ಹಾಕಿ, ಆಮೇಲೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ದನಿಯ ತಂತಿಯ ಮೇಲೆ ಗಂಟು ಕಟ್ಟಿದೆ ಎಂದರು. ಇಪ್ಪತ್ತೊಂದು ದಿನ ಒಂದು ಮಾತೂ ಆಡಕೂಡದು, ಪಿಸುಗುಟ್ಟುವುದು ಇನ್ನೂ ಕೆಟ್ಟದ್ದು, ಆಡಿದರೆ ಆಪರೇಷನ್ನು. ಮರುಳಸಿದ್ದಪ್ಪನವರು ಏನೋ ಕೇಳಲು ಬಾಯಿ ತೆರೆದರು. ಡಾಕ್ಟರು ಬೆರಳು ಎತ್ತಿದರು.

"ಅಷ್ಟನ್ನೂ ಒಂದು ಚೀಟಿಯಾಗೆ ಬರೆದು ಕೊಡ್ರಿ," ಎಂದರು ಬಂಗಾರಮ್ಮ. "ಇವರು ನನ್ನ ಮಾತು ನಂಬಲ್ಲ."

ಮೊದಲ ವಾರ ಅವರಿಗೆ ಜ್ವರ ಬಂದವರ ಹಾಗೆ ಆಯಿತು. ಜಗಲಿಯ ಮೇಲೆ ಕೂತರೆ ಹೋಗುವವರು ಬರುವವರು ನಿಂತು ಮಾತಾಡಿಸುತ್ತಿದ್ದರು. ಮಾತಾಡಿಸಿ, ಇವರು ಉತ್ತರ ಕೊಡದಿದ್ದಾಗ ಇನ್ನೊಂದಿಷ್ಟು ಮಾತಾಡುತ್ತಿದ್ದರು. ಇಪ್ಪತ್ತು ವರ್ಷದಿಂದ ಎದುರುಮನೆಯಲ್ಲಿರುವ ಮನುಷ್ಯನಿಗೆ ಒಂದು ಕಿವಿ ಕೇಳಿಸುವುದಿಲ್ಲ ಎಂಬುದು ಅವರಿಗೆ ಆಗ ಗೊತ್ತಾಯಿತು. ಬಂಗಾರಮ್ಮನೂ ಮಾತಾಡತೊಡಗಿದರು. ಅವರಿಗೆ ಬೆಂಡೆಕಾಯಿ ಪಲ್ಯ ಮೊದಲಿನಿಂದಲೂ ಇಷ್ಟವಿಲ್ಲವಂತೆ. ಗಂಡನಿಗೆ ಇಷ್ಟ ಎಂದು ಮೂವತ್ತು ವರ್ಷದಿಂದ ಮಾಡುತ್ತಿದ್ದರಂತೆ. ಮರುಳಸಿದ್ದಪ್ಪನವರಿಗೂ ಅದು ಇಷ್ಟವಿರಲಿಲ್ಲ. ಹೇಳೋಣವೆಂದರೆ ದನಿಯಿಲ್ಲ, ಚೀಟಿಯಲ್ಲಿ ಬರೆದು ತೋರಿಸಿದರು. ಆ ಮನೆಯಲ್ಲಿ ಆ ಪಲ್ಯ ಅಲ್ಲಿಗೆ ನಿಂತಿತು.

ಸೋಮವಾರದ ಸಭೆ ಹತ್ತಿರ ಬಂತು. ಆ ವಾರ ಎರಡು ಲಾರಿ ಮೆಕ್ಕೆಜೋಳ ವಾಪಸ್ಸು ಬಂದಿತ್ತು. ಸಭೆ ಮುಂದೂಡುವ ಹಾಗಿರಲಿಲ್ಲ. ಸುಗಮಕಾರರು ನಡೆಸಿದ ಸಭೆಯ ಫೋಟೊ ಮತ್ತು ವರದಿಯನ್ನು ದಾವಣಗೆರೆಗೆ ಕಳಿಸಬೇಕಾಗಿತ್ತು. ರೇಣುಕಪ್ರಸಾದ್ ಮರುಳಸಿದ್ದಪ್ಪನವರ ಫೋನಿಗೆ ಸಂದೇಶ ಹಾಕಿದರು: ಬಂದು ಸುಮ್ಮನೆ ಕೂತರೆ ಸಾಕು, ಫೋಟೊದಲ್ಲಿ ದನಿ ಕೇಳಿಸುವುದಿಲ್ಲ.

ಮಾತಾಡಲು ಆಗದ ಮನುಷ್ಯನಿಗೆ ಸಿದ್ಧತೆ ಮಾಡಿಕೊಳ್ಳಲು ಬಹಳ ಹೊತ್ತು ಸಿಗುತ್ತದೆ. ಮರುಳಸಿದ್ದಪ್ಪನವರು ತರಬೇತಿಯ ಡೈರಿಯನ್ನು ಮೊದಲ ಸಲ ಓದಿದರು. ಅದುವರೆಗೆ ಅದರ ಬಗ್ಗೆ ಮಾತಾಡಿದ್ದರೇ ಹೊರತು ಓದಿರಲಿಲ್ಲ. ಕೆಲಸವನ್ನು ಕೈಯಾರೆ ಮಾಡುವವರನ್ನು ಕರೆಯಬೇಕು ಎಂಬ ಸಾಲು ಕಣ್ಣಿಗೆ ಬಿತ್ತು. ಗುರುಬಸವರಾಜನಿಗೆ ಸಂದೇಶ ಕಳಿಸಿ, ಗೋದಾಮಿನ ಹಮಾಲರ ಮೇಸ್ತ್ರಿ ನಿಂಗರಾಜನನ್ನೂ ಕರೆತರಲು ಹೇಳಿದರು. ಹಮಾಲರನ್ನು ಆ ಸಭೆಗೆ ಕರೆದದ್ದು ಅದೇ ಮೊದಲು. ನಿಂಗರಾಜ ಏನೋ ತಪ್ಪು ಮಾಡಿದ್ದೇನೆಂದುಕೊಂಡು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ.

ಮರುಳಸಿದ್ದಪ್ಪನವರು ಎಲ್ಲರಿಗಿಂತ ಮುಂಚೆ ಬಂದು ಕರಿಹಲಗೆಯ ಮೇಲೆ ಬರೆದರು: 'ಒಂದು ಚೀಲ ಜಗಳೂರಿನಲ್ಲಿ ತುಂಬಿದಾಗಿನಿಂದ ಹೊನ್ನಾಳಿಯಲ್ಲಿ ಇಳಿಯುವ ತನಕ ಏನೇನಾಗುತ್ತದೆ? ನಿಮ್ಮ ಕೈಯಲ್ಲಿದ್ದಾಗ ಆಗುವುದನ್ನು ಮಾತ್ರ ಹೇಳಿ.' ಕೆಳಗೆ ಹೆಸರುಗಳು: ಮೊದಲು ಚೈತ್ರಾ, ಆಮೇಲೆ ರೇಣುಕಪ್ರಸಾದ್, ನಿಂಗರಾಜ, ಕೊನೆಗೆ ಗುರುಬಸವರಾಜ್.

ರೇಣುಕಪ್ರಸಾದ್ ಎಂದಿನಂತೆ ಎದ್ದು, ಇದಕ್ಕೆಲ್ಲ ಹೊಣೆ ಯಾರು ಎಂದು ಶುರು ಮಾಡಿದರು. ಮರುಳಸಿದ್ದಪ್ಪನವರು ಅಂಗೈ ತೋರಿಸಿ ಹಲಗೆಯ ಮೇಲಿನ ಮೊದಲ ಹೆಸರಿನ ಕಡೆ ಬೆರಳು ಮಾಡಿದರು. ಮ್ಯಾನೇಜರಿಗೆ ಸಿಟ್ಟು ಬಂತು. ಆದರೆ ತಿರುಗಿ ಮಾತಾಡದವನ ಜೊತೆ ವಾದ ಮಾಡುವುದು ಹೇಗೆ? ಕೂತರು.

ಆಮೇಲೆ ಯಾರೂ ಮಾತಾಡಲಿಲ್ಲ. ಫ್ಯಾನು ಕಿರ್ ಎನ್ನುತ್ತಿತ್ತು. ಬೇರೆ ದಿನವಾಗಿದ್ದರೆ ಆ ಖಾಲಿಯನ್ನು ಮರುಳಸಿದ್ದಪ್ಪನವರು ಒಂದು ಕ್ಷಣ ಬದುಕಲು ಬಿಡುತ್ತಿರಲಿಲ್ಲ. ಅವತ್ತು ಅವರು ಕುರ್ಚಿಯ ಕೈ ಹಿಡಿದುಕೊಂಡು, ಹಣೆಯ ಮೇಲೆ ಬೆವರು ಬರಿಸಿಕೊಂಡು ಕೂತರು. ಎರಡು ನಿಮಿಷವಾದರೂ ಆಗಿರಬೇಕು. ಕೊನೆಗೆ ಸುಮ್ಮನಿರುವುದು ಎಲ್ಲರಿಗಿಂತ ಕಷ್ಟವಾದದ್ದು ಚೈತ್ರಾಳಿಗೆ.

"ಹಿಂದಿನ ದಿನ ಸಂಜೇನೇ ಚೀಲ ಹೊಲಿದು ಇಟ್ಟಿರ್ತೀವಿ ಸರ್," ಎಂದಳು. "ಅಳೆದೂ ಇರ್ತೀವಿ, ತೇವ ನೂರಕ್ಕೆ ಹದಿಮೂರು ದಾಟಿರಲ್ಲ. ಬೆಳಿಗ್ಗೆ ಎಂಟಕ್ಕೆ ಲಾರಿ ತುಂಬಿ ರೆಡಿ ಇರ್ತೈತೆ. ಆಮೇಲೆ ಚನ್ನಗಿರಿಯಿಂದ ಒಪ್ಪಿಗೆ ಬರೋ ತನಕ ಕಾಯ್ತೀವಿ."

ರೇಣುಕಪ್ರಸಾದ್ ತಲೆ ಎತ್ತಿದರು. ಬೆಳಿಗ್ಗೆ ಎಲ್ಲ ಜಗಳೂರಿನವರು ಒಣಗಿಸುತ್ತಿರುತ್ತಾರೆ ಎಂದೇ ಇವರು ತಿಳಿದಿದ್ದರು. ಒಳ್ಳೆಯ ಬಿಸಿಲು ಬೀಳಲಿ ಎಂದು, ಅವರ ಮೇಲಿನ ಕಾಳಜಿಯಿಂದಲೇ, ಮಧ್ಯಾಹ್ನ ಹನ್ನೆರಡಾದ ಮೇಲೆ ಒಪ್ಪಿಗೆಯ ಸಂದೇಶ ಕಳಿಸುತ್ತಿದ್ದರು. ಅಷ್ಟು ಹೊತ್ತಿಗೆ ಡ್ರೈವರು ಊಟಕ್ಕೆ ಹೋಗಿರುತ್ತಾನೆ, ಲಾರಿ ಹೊರಡುವುದು ಎರಡಕ್ಕೆ, ಎಂದಳು ಚೈತ್ರಾ.

ನಿಂಗರಾಜನ ಸರದಿ ಬಂತು. ಅವನು ಎದ್ದು ನಿಂತ. ಮರುಳಸಿದ್ದಪ್ಪನವರು ಕೂರುವಂತೆ ಕೈ ಮಾಡಿದರು. ಕೂತ ಮೇಲೂ ಅವನು ಗುರುಬಸವರಾಜನ ಮುಖ ನೋಡುತ್ತಿದ್ದ. ಗುರುಬಸವರಾಜ್ ಏನೋ ವಿವರಿಸಲು ಹೊರಟಾಗ ಮತ್ತೆ ಆ ಅಂಗೈ ಮೇಲೆದ್ದಿತು.

"ಲಾರಿ ಬರೋದು ಆರರ ಹತ್ತತ್ರ ಆಗ್ತೈತ್ರಿ," ಎಂದ ನಿಂಗರಾಜ. "ನಮ್ಮೋರು ಐದೂವರೆ ಬಸ್ಸಿಗೆ ಹೋಗಿರ್ತಾರೆ. ಆ ಬಸ್ ತಪ್ಪಿದ್ರೆ ನಮ್ಮೂರಿಗೆ ಇನ್ನೊಂದು ಬಸ್ ಇಲ್ಲ. ಅದಕ್ಕೇ ತಾಡಪಾಲು ಬಿಗಿದು ಹಂಗೇ ನಿಲ್ಲಿಸ್ತಾರೆ. ಬೆಳಿಗ್ಗೆ ಬಿಚ್ಚಿದ್ರೆ ಒಳಗೆ ಚೀಲ ಬೆವರಿರ್ತಾವ್ರಿ. ಕೈ ಇಟ್ರೆ ಬಿಸಿ ತಾಗ್ತೈತೆ. ಬೂಷ್ಟು ಬರ್ದೆ ಇನ್ನೇನು ಬಂದಾತು."

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ರೇಣುಕಪ್ರಸಾದ್ ಕೇಳಿದರು. ಹೇಳಿದ್ದೆ ಎಂದ ನಿಂಗರಾಜ, ಗೋದಾಮಿನ ಸಾಹೇಬರಿಗೆ. ನಾನೂ ಹೇಳಿದ್ದೆ ಎಂದ ಗುರುಬಸವರಾಜ್, ವಾಟ್ಸಾಪ್ ಗುಂಪಿನಲ್ಲಿ. ಫೋನ್ ತೆಗೆದು ಹುಡುಕಿ ತೋರಿಸಿದ. ಏಳು ತಿಂಗಳ ಹಿಂದಿನ ಸಂದೇಶ. ಮೇಲೆ ಗುಲಾಬಿ ಹೂವಿನ ಶುಭೋದಯ, ಕೆಳಗೆ ಯಾರದೋ ಹುಟ್ಟುಹಬ್ಬ. ಹದಿನಾಲ್ಕು ಜನ ನಡುವಿನ ಆ ಸಂದೇಶಕ್ಕೆ ಕೈ ಮುಗಿದಿದ್ದರು. ಮ್ಯಾನೇಜರರ ಕೈಯೂ ಅದರಲ್ಲಿತ್ತು. ಆ ಗುಂಪಿನಲ್ಲಿ ದಿನಕ್ಕೆ ನಲವತ್ತು ಸಂದೇಶ ಬರುವುದರಿಂದ ತಾನು ಅದರ ದನಿ ಅಡಗಿಸಿಟ್ಟಿದ್ದೇನೆ ಎಂದು ಚೈತ್ರಾ ಒಪ್ಪಿಕೊಂಡಳು. ಆ ನಲವತ್ತರಲ್ಲಿ ಮೂವತ್ತು ಯಾರವು ಎಂದು ಅವಳು ಹೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಎಲ್ಲರೂ ಹಲಗೆ ನೋಡಿದರು. ಮರುಳಸಿದ್ದಪ್ಪನವರು ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಿದ್ದರು: ಎಂಟಕ್ಕೆ ತುಂಬುವುದು, ಹನ್ನೆರಡಕ್ಕೆ ಒಪ್ಪಿಗೆ, ಎರಡಕ್ಕೆ ಹೊರಡುವುದು, ಐದೂವರೆಗೆ ಬಸ್ಸು, ಆರಕ್ಕೆ ಲಾರಿ. ಅದರಲ್ಲಿ ಕಷ್ಟಪಟ್ಟು ತಿಳಿಯಬೇಕಾದದ್ದು ಏನೂ ಇರಲಿಲ್ಲ. ಪ್ರತಿಯೊಬ್ಬರಿಗೂ ತಮ್ಮ ತಮ್ಮ ಸಾಲು ವರ್ಷಗಳಿಂದ ಗೊತ್ತಿತ್ತು.

"ಹನ್ನೆರಡಕ್ಕೇ ಯಾಕೆ ಒಪ್ಪಿಗೆ ಕೊಡಬೇಕು ಸರ್?" ಎಂದು ಚೈತ್ರಾ ಕೇಳಿದಳು.

ಸುತ್ತೋಲೆ ಇದೆಯಲ್ಲ ಎಂದರು ರೇಣುಕಪ್ರಸಾದ್. ಅವರು ಬರುವುದಕ್ಕಿಂತ ಮುಂಚಿನದು, ಬಿಸಿಲಿಗಾಗಿಯೇ ಇರಬೇಕೆಂದುಕೊಂಡು ಅವರು ಪಾಲಿಸಿಕೊಂಡು ಬಂದಿದ್ದರು ಅಷ್ಟೆ. ಕಪಾಟಿನಿಂದ ಫೈಲು ತೆಗೆದು ಚೈತ್ರಾಳ ಕೈಗೆ ಕೊಟ್ಟರು. ಅವಳು ಮೊದಲ ಪುಟ ಓದಿದಳು. ಮಧ್ಯಾಹ್ನ ಹನ್ನೆರಡು ಗಂಟೆಗೆ ಮುಂಚೆ ಯಾವ ಕಾರಣಕ್ಕೂ ಜಗಳೂರಿನಿಂದ ಲೋಡು ಹೊರಡತಕ್ಕದ್ದಲ್ಲ. ಸಹಿಯ ಹತ್ತಿರ ಬಂದು ನಿಲ್ಲಿಸಿಬಿಟ್ಟಳು. ಸಹಿ ಸಮನ್ವಯಾಧಿಕಾರಿಗಳದು.

ಎಲ್ಲರ ಕಣ್ಣೂ ಮರುಳಸಿದ್ದಪ್ಪನವರ ಮೇಲೆ ಬಿತ್ತು.

ಅವರ ಮುಖ ಕೆಂಪಾಯಿತು. ನಾಲ್ಕು ವರ್ಷದ ಹಿಂದಿನ ಮಾತು ಅದು. ಆಗ ಜಗಳೂರಿನಲ್ಲಿ ಚಾವಣಿಯಿರುವ ಕಣ ಇರಲಿಲ್ಲ. ಇಬ್ಬನಿಯಲ್ಲಿ ನೆಂದ ಕಾಳನ್ನು ಬೆಳಿಗ್ಗೆಯೇ ತುಂಬಿ ಕಳಿಸಿಬಿಡುತ್ತಿದ್ದರು. ಆ ಸುತ್ತೋಲೆಗೆ ಕಾರಣವಿತ್ತು, ಒಳ್ಳೆಯ ಕಾರಣ. ಅದನ್ನು ವಿವರಿಸಲು ಅವರಿಗೆ ಇಪ್ಪತ್ತು ನಿಮಿಷ ಸಾಕಾಗುತ್ತಿತ್ತು, ಆ ಇಪ್ಪತ್ತು ನಿಮಿಷದಲ್ಲಿ ಸಭೆ ಹಳೆಯ ಹಾದಿಗೆ ಬೀಳುತ್ತಿತ್ತು. ಅವರು ಎದ್ದು ಸೀಮೆಸುಣ್ಣ ಹಿಡಿದು 'ಆಗಿನ ಪರಿಸ್ಥಿತಿಯಲ್ಲಿ' ಎಂದು ಬರೆದರು. ಕೈ ನಿಂತಿತು. ಬರೆದು ವಿವರಿಸಬೇಕೆಂದರೆ ಹಲಗೆಯ ಮೇಲೆ ಜಾಗವಿರಲಿಲ್ಲ, ಇರುವುದನ್ನು ಅಳಿಸಬೇಕಾಗಿತ್ತು. ಆಮೇಲೆ ತಾವು ಬರೆದದ್ದನ್ನೇ ಅಂಗೈಯಿಂದ ಒರೆಸಿ, ಅಲ್ಲಿ 'ಈಗ ಏನು ಮಾಡೋಣ?' ಎಂದು ಬರೆದು ಬಂದು ಕೂತರು.

ಉಳಿದದ್ದು ಹದಿನೈದು ನಿಮಿಷದ ಕೆಲಸ. ತೇವದ ಅಳತೆಯ ಫೋಟೊವನ್ನು ಚೈತ್ರಾ ಹಿಂದಿನ ಸಂಜೆಯೇ ಕಳಿಸುವುದು, ರೇಣುಕಪ್ರಸಾದ್ ಬೆಳಿಗ್ಗೆ ಎಂಟರೊಳಗೆ ಒಪ್ಪಿಗೆ ಕೊಡುವುದು, ಲಾರಿ ಮಧ್ಯಾಹ್ನವೇ ಹೊನ್ನಾಳಿ ಮುಟ್ಟುವುದು. ಎಂದಾದರೂ ತಡವಾದರೆ ಡ್ರೈವರು ದಾವಣಗೆರೆ ದಾಟುವಾಗ ನಿಂಗರಾಜನಿಗೆ ನೇರ ಫೋನ್ ಮಾಡುವುದು. ಗುರುಬಸವರಾಜ್ ತಾನಾಗಿಯೇ ಇನ್ನೊಂದು ಮಾತು ಸೇರಿಸಿದ: ಗೋದಾಮಿನ ಹಿಂಬದಿಯ ಎರಡು ತಗಡು ನಿಜವಾಗಿಯೂ ಸೋರುತ್ತವೆ. ಒಂದು ವರ್ಷದಿಂದ ಅದನ್ನು ಅಲ್ಲಗಳೆಯುತ್ತಿದ್ದವನು ಅವನೇ. ಊಟದ ಗಾಡಿ ಬಂದಾಗ ಯಾರೂ ಏಳಲಿಲ್ಲ. ಸಾರು ಆರಿತು ಎಂದು ಅಡುಗೆಯವರು ಎರಡು ಸಲ ಬಂದು ಹೇಳಬೇಕಾಯಿತು.

ಆ ಫೈಲನ್ನು ಮರುಳಸಿದ್ದಪ್ಪನವರು ಮನೆಗೆ ತಂದು ಪೂರ್ತಿ ಓದಿದರು. ಸುತ್ತೋಲೆ ನಾಲ್ಕು ಪುಟದ್ದು. ನಾಲ್ಕನೆಯ ಪುಟದ ಕೊನೆಯಲ್ಲಿ ಅವರೇ ಬರೆದಿದ್ದರು: ಜಗಳೂರಿನ ಕಣಕ್ಕೆ ಚಾವಣಿ ಆದ ಕೂಡಲೇ ಈ ನಿಯಮ ರದ್ದು ಎಂದು ತಿಳಿಯತಕ್ಕದ್ದು. ಚಾವಣಿ ಆಗಿ ಎರಡೂವರೆ ವರ್ಷವಾಗಿತ್ತು. ಅಲ್ಲಿಯತನಕ ಯಾರೂ ಓದಿರಲಿಲ್ಲ, ಬರೆದವರಿಗೂ ನೆನಪಿರಲಿಲ್ಲ. ಇದನ್ನು ಅವರು ಬಂಗಾರಮ್ಮನಿಗೆ ತೋರಿಸಿದರು. ಅವರು ಓದಿ, ನಗಬಾರದೆಂದು ಬಹಳ ಪ್ರಯತ್ನಪಟ್ಟು, ಒಳಗೆ ಹೋದರು. ಕಂಪನಿಯಲ್ಲಿ ಮರುಳಸಿದ್ದಪ್ಪನವರು ಇದನ್ನು ಯಾರಿಗೂ ತಿಳಿಸಲಿಲ್ಲ. ಅದನ್ನು ಹೇಳಿದ್ದರೆ ತಪ್ಪು ತಮ್ಮದಲ್ಲ ಎಂದು ಆಗುತ್ತಿತ್ತು, ಓದದವರದಾಗುತ್ತಿತ್ತು. ಮತ್ತೆ ಹೊಣೆ ಹುಡುಕುವ ಕೆಲಸ ಶುರುವಾಗುತ್ತಿತ್ತು. ಅವರ ಆಯುಷ್ಯದಲ್ಲಿ ತಮ್ಮ ಪರವಾಗಿದ್ದ ಮಾತೊಂದನ್ನು ಅವರು ಆಡದೆ ಬಿಟ್ಟದ್ದು ಅದೊಂದೇ ಇರಬೇಕು.

ಇಪ್ಪತ್ತೆರಡನೆಯ ದಿನ ಡಾಕ್ಟರು ನೋಡಿ, ಗಂಟು ಕರಗಿದೆ, ಮೆಲ್ಲಗೆ ಮಾತಾಡಬಹುದು ಎಂದರು. ಆ ಸುಗ್ಗಿಯಲ್ಲಿ ಹೊನ್ನಾಳಿಯಿಂದ ಹೋದ ಲೋಡುಗಳಲ್ಲಿ ಒಂದೇ ಒಂದು ವಾಪಸ್ಸು ಬಂತು, ಅದೂ ಚೀಲ ಹರಿದಿದ್ದಕ್ಕೆ. ದಾವಣಗೆರೆಯ ಸಂಸ್ಥೆಯವರು ವರದಿ ಓದಿ ಬೆರಗಾಗಿ, ಸುಗಮಕಾರರ ಸಮಾವೇಶಕ್ಕೆ ಮರುಳಸಿದ್ದಪ್ಪನವರನ್ನೇ ಕರೆದರು. ವಿಷಯ: ಕೇಳಿಸಿಕೊಳ್ಳುವ ಕಲೆ. ಹತ್ತು ನಿಮಿಷ ಕೊಟ್ಟಿದ್ದರು. ಅವರು ಐವತ್ತು ನಿಮಿಷ ಮಾತಾಡಿದರು, ಅವರಾದ ಮೇಲಿದ್ದ ಮೂವರಿಗೆ ಹೊತ್ತು ಉಳಿಯಲಿಲ್ಲ. ಭಾಷಣ ಬಹಳ ಚೆನ್ನಾಗಿತ್ತು ಎಂದು ಕೇಳಿದವರೆಲ್ಲ ಹೇಳಿದರು.

ಅದಾದ ವಾರ ಅವರು ತಾವಾಗಿಯೇ ರೇಣುಕಪ್ರಸಾದರಿಗೆ ಫೋನ್ ಮಾಡಿ, ಮುಂದಿನ ಸಭೆಗಳನ್ನು ಚೈತ್ರಾ ನಡೆಸಲಿ ಎಂದರು.

"ನಿಮಗೇನಾತು? ಚೆನ್ನಾಗೇ ನಡೆಸಿದ್ರಲ್ಲ," ಎಂದರು ರೇಣುಕಪ್ರಸಾದ್.

"ಅವತ್ತು ದನಿ ಇರಲಿಲ್ಲ ಸರ್. ಈಗ ಐತೆ. ನನ್ನ ಮೇಲೆ ನನಗೇ ನಂಬಿಕೆ ಇಲ್ಲ," ಎಂದರು ಮರುಳಸಿದ್ದಪ್ಪನವರು. ಆಮೇಲೆ ಅದು ಯಾಕೆ ಎಂದು ವಿವರಿಸಲು ಶುರು ಮಾಡಿದರು. ರೇಣುಕಪ್ರಸಾದ್ ಫೋನನ್ನು ಮೇಜಿನ ಮೇಲಿಟ್ಟು ಕೆಲಸ ಮುಂದುವರಿಸಿದರು.

ಈಗ ಸೋಮವಾರದ ಸಭೆಯನ್ನು ಚೈತ್ರಾ ನಡೆಸುತ್ತಾಳೆ. ನಿಂಗರಾಜ ಮಾಮೂಲಿ ಅಂಗಿಯಲ್ಲೇ ಬರುತ್ತಾನೆ. ಹೋದ ತಿಂಗಳು ಹಳೆಯ ಗೋಣಿಚೀಲ ಯಾರು ವಿಂಗಡಿಸಬೇಕು ಎಂಬುದರ ಮೇಲೆ ಅವನಿಗೂ ಮ್ಯಾನೇಜರಿಗೂ ಒಂದು ಗಂಟೆ ಜಟಾಪಟಿಯಾಯಿತು. ತೀರ್ಮಾನವಾಗಲಿಲ್ಲ. ಮುಂದಿನ ತಿಂಗಳಿಗೆ ಇಟ್ಟುಕೊಂಡರು, ಮುನಿಸಿಕೊಂಡು ಯಾರೂ ಹೋಗಲಿಲ್ಲ. ಮರುಳಸಿದ್ದಪ್ಪನವರು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತು ಹೇಳಿದ್ದನ್ನೆಲ್ಲ ಬರೆದುಕೊಂಡರು. ಬರೆಯುವ ಕೆಲಸವನ್ನು ಅವರೇ ಕೇಳಿ ಪಡೆದದ್ದು. ಕೈಗೆ ಕೆಲಸವಿದ್ದರೆ ಬಾಯಿ ತಡೆಯುತ್ತದೆ ಎಂದು ಅವರ ಅನುಭವ. ನಡುವೆ ಎರಡು ಸಲ ತಲೆ ಎತ್ತಿ ಬಾಯಿ ತೆರೆದರು. ಚೈತ್ರಾ ನೋಡಿದಳು. ಅವರು ಪೆನ್ನಿನ ಮುಚ್ಚಳ ಸರಿ ಮಾಡಿಕೊಂಡು ಬರೆಯುವುದನ್ನು ಮುಂದುವರಿಸಿದರು.